ಎರಡನೇ ತಿಂಗಳ ಮೂವತ್ತನೇ ತಾರೀಖು

ಬಾ ಲಾಂಗ್ ಕಡವು
ಐದನೇ ತಿಂಗಳು, ಹದಿನೆಂಟು

ಮಗಳೇ ದಿಯೆಪ್,

ನಿನ್ನ ಕಚೇರಿಯ ಲಕೋಟೆ ಬಂತು. ಅಂಚೆಯವನು ದಡದಲ್ಲೇ ನಿಂತು, "ಏಳನೇ ಅಣ್ಣಾ, ನಿಂಗೆ ಸರ್ಕಾರದ ಕಾಗದ ಬಂದಿದೆ, ಏನ್ ಮಾಡ್ಕೊಂಡೆ?" ಎಂದು ನಾಲ್ಕು ದೋಣಿಗೆ ಕೇಳುವಂತೆ ಕೂಗಿದ. ನಾನೂ ಅಷ್ಟೇ ಗಟ್ಟಿಯಾಗಿ ಮೊದಲ ಸಾಲು ಓದಿದೆ: "ಮಾನ್ಯ ತಜ್ಞರೇ." ಆಮೇಲೆ ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಓದಿದೆ. ಐದನೇ ತರಗತಿಗೇ ಪಾಟಿ ಕೆಳಗಿಟ್ಟವನನ್ನು ಕಾಂತೋ ನಗರದ ಪ್ರೊಫೆಸರು ತಜ್ಞ ಎಂದು ಕರೆದ ಮೇಲೆ ನನಗಿಂತ ಎರಡು ಹೆರಿಗೆ ಮುಂಚಿನ ಅಕ್ಕ, ನಿನ್ನ ಐದನೇ ಅತ್ತೆ, ಮೂರು ದಿನದಿಂದ ಮೀನಿನ ತಲೆಯನ್ನು ನನ್ನ ಬಟ್ಟಲಿಗೇ ಹಾಕುತ್ತಿದ್ದಾಳೆ.

ನಿಯಮಗಳನ್ನೆಲ್ಲ ಓದಿದೆ. ಇಪ್ಪತ್ತೊಂದು ಜನ ತಜ್ಞರು, ಒಬ್ಬರು ಯಾರೆಂದು ಇನ್ನೊಬ್ಬರಿಗೆ ಗೊತ್ತಾಗಕೂಡದು. ನನ್ನ ಸಂಖ್ಯೆ ಹದಿನಾಲ್ಕು. ಈ ವಿಷಯ ಫೋನಿನಲ್ಲಿ ಮಾತಾಡಬಾರದು, ಕಾಗದದಲ್ಲೇ ಆಗಬೇಕು. ಸಂತೋಷ. ಫೋನಿನಲ್ಲಾದರೆ ನೀನು "ಮೀಟಿಂಗಿನಲ್ಲಿದೀನಿ ಚಿಕ್ಕಪ್ಪಾ" ಎಂದು ಇಟ್ಟುಬಿಡುತ್ತೀ.

ಪ್ರಶ್ನೆ ಒಂದೇ, ಅದನ್ನು ಕೇಳಲು ಒಂಬತ್ತು ಪುಟ. ಸಮುದ್ರದ ಉಪ್ಪುನೀರು ನದಿಯಲ್ಲಿ ಮೇಲೇರಿ ಬಂದು ನಮ್ಮ ಕಡವಿನ ನೀರು ಕುಡಿಯಲಾಗದಂತೆ ಆಗುವುದು ಇನ್ನೆಷ್ಟು ವರ್ಷಕ್ಕೆ? ಬಹಳ ದೂರವಿದ್ದರೆ ಮೂರು ಊರಿಗೆ ಕುಡಿಯುವ ನೀರೆತ್ತುವ ಪಂಪ್‌ಹೌಸನ್ನು ಇಲ್ಲೇ ಕಟ್ಟುತ್ತಾರೆ. ಹತ್ತಿರವಿದ್ದರೆ ಮೇಲಕ್ಕೆ, ಎರಡು ತಿರುವಿನಾಚೆ. ಅಷ್ಟು ತಾನೆ?

ನಾಲ್ಕು ವರ್ಷ. ಬರೆದು ಅಡಿಗೆರೆ ಎಳೆದಿದ್ದೇನೆ. "ಕಾರಣ" ಎಂಬ ಖಾನೆಯಲ್ಲಿ "ನನ್ನ ನಾಲಿಗೆ" ಎಂದು ಬರೆದಿದ್ದೇನೆ. ಸಿಂಗಾಪುರದವರೆಗೆ ಹಡಗು ನಡೆಸಿದ ಕಪ್ತಾನನ ನಾಲಿಗೆ ಇದು, ನಿನ್ನ ಪ್ರೊಫೆಸರಿಗೆ ಹೇಳು. ಈ ಪ್ರಾಂತದಲ್ಲಿ ಇಂಥದು ಇನ್ನೊಂದಿಲ್ಲ.

ಇತಿ ನಿನ್ನ ಏಳನೇ ಚಿಕ್ಕಪ್ಪ,
ತ್ರಾಮ್, ತಜ್ಞ


ಕಾಂತೋ
ಜುಲೈ 19

ಪ್ರೀತಿಯ ಚಿಕ್ಕಪ್ಪ,

ಎರಡನೇ ಸುತ್ತಿನ ಕಾಗದ ಕಳಿಸಿದ್ದೇನೆ. ಹತ್ತೊಂಬತ್ತು ಜನ ಇಪ್ಪತ್ತೈದರಿಂದ ಮೂವತ್ತೈದು ವರ್ಷ ಎಂದಿದ್ದಾರೆ. ಒಬ್ಬರು ಹದಿನೆಂಟು. ನೀವು ನಾಲ್ಕು. ನಮ್ಮ ಪದ್ಧತಿಯೇ ಹೀಗೆ: ಗುಂಪಿನಿಂದ ದೂರ ನಿಂತವರು ಕಾರಣ ಕೊಡಬೇಕು, ಆ ಕಾರಣವನ್ನು ಉಳಿದವರು ಓದುತ್ತಾರೆ, ಓದಿ ಬೇಕಾದರೆ ತಮ್ಮ ಉತ್ತರ ಬದಲಿಸುತ್ತಾರೆ. ಇಲ್ಲವೇ ದೂರ ನಿಂತವರೇ ಬದಲಿಸುತ್ತಾರೆ. ಮೂರು ಸುತ್ತಿನಲ್ಲಿ ಒಂದು ತೀರ್ಮಾನಕ್ಕೆ ಬರುತ್ತೇವೆ.

ನಿಮ್ಮನ್ನು ಸೇರಿಸಿಕೊಳ್ಳಬೇಕೆಂದು ಪ್ರೊಫೆಸರ್ ಖಾಂಗ್ ಹತ್ತಿರ ಜಗಳವಾಡಿದವಳು ನಾನು. "ನನ್ನ ನಾಲಿಗೆ" ಎಂಬುದನ್ನು ಓದಿ ಕೋಣೆಯೆಲ್ಲ ನಕ್ಕಿತು. ದಯವಿಟ್ಟು ಏನಾದರೂ ದಾಖಲೆ ಇದ್ದರೆ ಕಳಿಸಿ. ಹಡಗಿನ ಕಥೆ ಬೇಡ.

ಅತ್ತೆಗೆ ನಮಸ್ಕಾರ.

ನಿಮ್ಮ,
ದಿಯೆಪ್


ಬಾ ಲಾಂಗ್ ಕಡವು
ಆರನೇ ತಿಂಗಳು, ಇಪ್ಪತ್ತೇಳು

ಮಗಳೇ,

ಕೇಳಿದ್ದನ್ನೇ ಎರಡು ಸಲ ಕೇಳುವವರು ಪೊಲೀಸರು. ನೀವೂ ಅದೇ ಕಸುಬು ಎಂದು ನನಗೆ ಗೊತ್ತಿರಲಿಲ್ಲ.

ದಾಖಲೆ ತಾನೆ? ತಗೋ. ಈ ಕಟ್ಟಿನಲ್ಲಿರುವುದು ನನ್ನ ನೋಟುಪುಸ್ತಕ. ಇಪ್ಪತ್ತಾರು ವರ್ಷದ್ದು. ಹೊದಿಕೆಗೆ ಅಂಟಿರುವುದು ಬಾಳೆಯ ಕಲೆ, ಹೆದರಬೇಡ. ಬೇಸಗೆಯಲ್ಲಿ ಕೆಳಗಿನ ಹಳ್ಳಿಗಳಿಗೆ ಸಿಹಿನೀರು ಸಾಗಿಸುವವನು ನಾನು. ಎಲ್ಲಿ ತುಂಬಿಸಿಕೊಳ್ಳಬೇಕೆಂದು ತಿಳಿಯಬೇಡವೇ? ಅದಕ್ಕೇ ನೀರು ಉಕ್ಕುವ ದಿನಗಳಲ್ಲೆಲ್ಲ ಕಡವಿನ ನಾಲ್ಕನೇ ಮೆಟ್ಟಿಲಲ್ಲಿ ಕೂತು ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಉಗಿದು, ಬರೆದಿಟ್ಟಿದ್ದೇನೆ. ಐದು ದರ್ಜೆ. ಒಂದು, ಅಕ್ಕಿ ತೊಳೆದ ನೀರು. ಎರಡು, ಬಾಣಂತಿಯ ಸಾರು. ಮೂರು, ನಿನ್ನ ಐದನೇ ಅತ್ತೆಯ ಸಾರು. ನಾಲ್ಕು, ಕಣ್ಣೀರು. ಐದು, ಉಪ್ಪುಮೀನಿನ ರಸ.

ಮೊದಲ ಹತ್ತು ವರ್ಷದಲ್ಲಿ ಒಂದು ಎರಡು ಬಿಟ್ಟರೆ ಬೇರೇನಿಲ್ಲ. ಈಗ ನೋಡು, ಕೊನೆಯ ಆರು ವರ್ಷ ಪ್ರತಿ ಬೇಸಗೆಗೂ ಮೂರು ಇದೆ. ಹೋದ ವರ್ಷ ಒಂದು ದಿನ ನಾಲ್ಕು ಮುಟ್ಟಿತು. ನಾಲಿಗೆ ನಂಬಲಾರದವರು ದಡ ನೋಡಲಿ. ನೀರುತೆಂಗು ಉಪ್ಪು ಬೆರೆತ ಕಡೆ ತಾನೆ ಹಬ್ಬುವುದು? ನಾನು ಮೊದಲ ಸಲ ದೋಣಿ ಹಿಡಿದಾಗ ಅದು ಕೆಳಗಿನ ಇಟ್ಟಿಗೆ ಗೂಡಿನ ಹತ್ತಿರ ನಿಂತಿತ್ತು. ಈಗ ನಮ್ಮ ಬಚ್ಚಲ ಹಿಂದೆ ತಲೆ ಎತ್ತಿದೆ. ಅದಕ್ಕೆ ಯಾವ ಪ್ರೊಫೆಸರು ಪಾಠ ಹೇಳಿಕೊಟ್ಟ?

ಪಂಪ್‌ಹೌಸ್ ಇಲ್ಲಿ ಕಟ್ಟಿದರೆ ಐದನೇ ಬೇಸಗೆಗೆ ಮೂರು ಊರು ಕಣ್ಣೀರು ಕುಡಿಯುತ್ತದೆ. ಅವರಿಗೆಲ್ಲ ಓದಿ ಹೇಳು. ಪುಸ್ತಕ ಜೋಪಾನ.

ಇತಿ,
ಹದಿನಾಲ್ಕನೇ ಸಂಖ್ಯೆ


ಕಾಂತೋ
ಸೆಪ್ಟೆಂಬರ್ 12

ಚಿಕ್ಕಪ್ಪ,

ಹೇಗೆ ಬರೆಯಲಿ ಎಂದು ಎರಡು ವಾರ ತಡೆದೆ.

ನಿಮ್ಮ ಪುಸ್ತಕವನ್ನು ಇಲ್ಲಿ ಟೈಪು ಮಾಡಿಸಿ ಪಟ್ಟಿ ತಯಾರಿಸಿದರು. ಪಟ್ಟಿಯನ್ನು ಪ್ರೊಫೆಸರ್ ಖಾಂಗ್ ಸಭೆಯಲ್ಲೇ ಓದಿದರು. ಅದರಲ್ಲಿ ಒಂಬತ್ತು ವರ್ಷ ಫೆಬ್ರವರಿ ಮೂವತ್ತನೇ ತಾರೀಖಿನ ನಮೂದು ಇದೆ ಚಿಕ್ಕಪ್ಪ. ಫೆಬ್ರವರಿ ಮೂವತ್ತು! "ನಿಮ್ಮ ಚಿಕ್ಕಪ್ಪ ದೇವರಿಗಿಂತ ಎರಡು ದಿನ ಹೆಚ್ಚು ದುಡೀತಾರೆ" ಎಂದರು ಅವರು. ಜೊತೆಗೆ ನೀವು ಉಪ್ಪು ಹೆಚ್ಚೆಂದ ದಿನಗಳಿಗೂ ಸರ್ಕಾರದ ಅಳತೆಗೂ ತಾಳೆಯೇ ಇಲ್ಲ. ಮನೆಯಲ್ಲಿ ಕೂತು ಒಂದೇ ಸಲ ಬರೆದ ಪುಸ್ತಕ ಎಂದು ಪಕ್ಕಕ್ಕಿಟ್ಟರು. ನನ್ನ ಮುಖ ಎಲ್ಲಿಡಲಿ ಗೊತ್ತಾಗಲಿಲ್ಲ.

ಇದರ ಜೊತೆ ಮೂರನೇ ಸುತ್ತಿನ ಕಾಗದ ಇದೆ. ಈಗಲೂ ನಾಲ್ಕು ಎಂದರೆ ನಿಮ್ಮ ಉತ್ತರವನ್ನು ಲೆಕ್ಕದಿಂದ ತೆಗೆಯುತ್ತಾರೆ. ಇಪ್ಪತ್ತು ಎಂದಾದರೂ ಬರೆದುಕೊಡಿ. ನೀವು ಸ್ವಲ್ಪ ಈಚೆ ಬಂದರೆ ಅವರೂ ಸ್ವಲ್ಪ ಆಚೆ ಬಂದಾರು. ನನಗೋಸ್ಕರ.

ದಿಯೆಪ್


ಬಾ ಲಾಂಗ್ ಕಡವು
ಎಂಟನೇ ತಿಂಗಳು, ಇಪ್ಪತ್ತು

ದಿಯೆಪ್,

ನಿನ್ನ ಕಾಗದವನ್ನು ಅತ್ತೆ ಓದಲಿ ಎಂದು ಕೊಟ್ಟೆ. ಅವಳು ಓದಿ ಸೌಟು ಕೆಳಗಿಟ್ಟಳು.

"ಈ ಹುಡುಗಿ ನಮ್ಮನೇದೇನಾ?" ಎಂದಳು.

"ನಮ್ಮನೇದೇ. ಡಿಗ್ರಿ ಮಾತ್ರ ಹೊರಗಿನದು," ಎಂದೆ.

"ನೀನು ನಗಬೇಡ. ನಿನ್ನ ಬಾಯಿಂದಾನೇ ಇಷ್ಟೆಲ್ಲ ಆಗಿದ್ದು. ಮೂರು ಹೊತ್ತೂ ಬುರುಡೆ ಬಿಟ್ರೆ ನಿಜ ಹೇಳಿದಾಗ ಯಾರು ನಂಬ್ತಾರೆ?"

ನಿನ್ನ ಅಜ್ಜ ತೀರಿಕೊಂಡದ್ದು ಯಾವತ್ತು? ಎರಡನೇ ತಿಂಗಳ ಮೂವತ್ತು. ಚಂದ್ರನ ಲೆಕ್ಕದ ಎರಡನೇ ತಿಂಗಳು. ಕೆಲವು ವರ್ಷ ಆ ತಿಂಗಳಿಗೆ ಮೂವತ್ತು ದಿನ, ಕೆಲವು ವರ್ಷ ಇಪ್ಪತ್ತೊಂಬತ್ತೇ. ಮೂವತ್ತಿಲ್ಲದ ವರ್ಷ ಒಂದು ದಿನ ಮುಂಚೆ ಎಡೆ ಇಡುತ್ತೇವೆ. ಹದಿನೆಂಟು ವರ್ಷ ಆ ಎಡೆಯ ಬಾತುಕೋಳಿ ತಿಂದು ಬೆಳೆದವಳು ನೀನು. ನಿನ್ನ ಪ್ರೊಫೆಸರಿಗೆ ಗೊತ್ತಾಗದಿದ್ದರೆ ಬಿಡು. ನಿನಗೆ?

ನೀರು ಉಕ್ಕುವುದು ಇಳಿಯುವುದು ಚಂದ್ರನಿಂದ. ಗೋಡೆಯ ಕ್ಯಾಲೆಂಡರಿನಿಂದ ಅಲ್ಲ. ನೀರನ್ನೇ ನಂಬಿ ಬದುಕುವವನು ಇನ್ಯಾವ ತಾರೀಖು ಹಾಕುತ್ತಾನೆ? ನಾನು ನಿನಗೆ ಬರೆಯುವ ಕಾಗದದ ಮೇಲೆ ಹಾಕುವುದೂ ಅದನ್ನೇ. ಇಷ್ಟು ವರ್ಷ ಅದನ್ನೂ ನೋಡಲಿಲ್ಲವೇ? ನನ್ನ ತಾರೀಖನ್ನೆಲ್ಲ ಒಂದು ತಿಂಗಳು ಹಿಂದಕ್ಕೆ ದಬ್ಬಿ ಓದಿ ಆಮೇಲೆ ತಾಳೆಯಾಗಲಿಲ್ಲ ಎಂದರೆ ಯಾರ ತಪ್ಪು?

ಮೂರನೇ ಕಾಗದದಲ್ಲೂ ನಾಲ್ಕೇ ಬರೆದಿದ್ದೇನೆ. ಇಪ್ಪತ್ತು ಬರೆಯಲು ಇದು ಸಂತೆಯಲ್ಲ. ನಾನು ಹದಿನಾರು ಏರಿಸಿದರೆ ಸಮುದ್ರ ಹದಿನಾರು ವರ್ಷ ತಡೆದು ಬರುತ್ತದೆಯೇ?

ಪುಸ್ತಕ ವಾಪಸು ಕಳಿಸು.

ತ್ರಾಮ್


ಕಾಂತೋ
ಅಕ್ಟೋಬರ್ 21

ಚಿಕ್ಕಪ್ಪ,

ಪುಸ್ತಕ ಆರು ವಾರ ನನ್ನ ಮೇಜಿನ ಮೇಲೆಯೇ ಇತ್ತು. ನಾನು ತೆರೆದು ನೋಡಿರಲಿಲ್ಲ. ಟೈಪಾದ ಪಟ್ಟಿಯನ್ನಷ್ಟೇ ನೋಡಿ ನೀವು ಕಟ್ಟಿ ಬರೆದದ್ದೆಂದು ನಾನೂ ನಂಬಿದೆ. ಅವರೆಲ್ಲ ನಗುವ ಮೊದಲೇ ನಂಬಿದ್ದೆ. ಇದನ್ನು ಹೇಳದೆ ಮುಂದಿನದು ಬರೆಯಲಾರೆ.

ಮೂರು ವಾರ ಕೂತು ಒಂದೊಂದು ತಾರೀಖನ್ನೂ ನಾನೇ ಬದಲಿಸಿದೆ. ಇನ್ನೂರ ಐವತ್ತೆಂಟು ನಮೂದು. ನದಿಯ ಕೆಳಗಿನ ಠಾಣೆಯಲ್ಲಿ ಸರ್ಕಾರದ ಅಳತೆ ಇರುವ ಹನ್ನೊಂದು ವರ್ಷದ ಜೊತೆ ಇಟ್ಟು ನೋಡಿದೆ. ನಿಮ್ಮ "ಅತ್ತೆಯ ಸಾರು" ಇದ್ದ ದಿನವೆಲ್ಲ ಅವರ ಯಂತ್ರವೂ ಏರಿದೆ. ಕೂತಲ್ಲೇ ಅತ್ತುಬಿಟ್ಟೆ.

ಆದರೆ ಎರಡು ವರ್ಷದ ಪುಟಗಳು ಬೇರೆ ಥರ ಇವೆ. ನೀವು ಸಿಂಗಾಪುರದ ಹಡಗಿನಲ್ಲಿದ್ದೆ ಎನ್ನುವ ಆ ಎರಡು ವರ್ಷ. ಹಡಗಿನಲ್ಲಿದ್ದವರು ಕಡವಿನ ನೀರು ಹೇಗೆ ರುಚಿ ನೋಡಿದಿರಿ? ಶಾಯಿ ಒಂದೇ, ಕೈ ಒಂದೇ ಓಟ, ಒಂದು ಎರಡು ಒಂದು ಎರಡು. ನಾನು ಪ್ರೊಫೆಸರ ಮುಂದೆ ಹೋಗುವ ಮೊದಲು ನನಗೆ ನಿಜ ಬೇಕು. ಇದು ನನಗೆ ಕಂಡಿದೆ ಎಂದ ಮೇಲೆ ಅವರಿಗೂ ಕಾಣುತ್ತದೆ.

ವರದಿ ಅಚ್ಚಿಗೆ ಹೋಗುವುದು ನವೆಂಬರ್ ಕೊನೆಗೆ. ತೀರ್ಮಾನ: ಮೂವತ್ತು ವರ್ಷ, ಇಪ್ಪತ್ತು ಜನರ ಒಮ್ಮತ. ನೀವು ಅದರಲ್ಲಿಲ್ಲ.

ನಿಮ್ಮ,
ದಿಯೆಪ್


ಬಾ ಲಾಂಗ್ ಕಡವು
ಒಂಬತ್ತನೇ ತಿಂಗಳು, ಇಪ್ಪತ್ತೆಂಟು

ಮಗಳೇ,

ನಾಲ್ಕು ಹಾಳೆ ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ. ಮೊದಲ ಮೂರರಲ್ಲಿ ಹಡಗನ್ನು ಹೇಗಾದರೂ ಉಳಿಸಿಕೊಳ್ಳಲು ನೋಡಿದೆ. ಒಂದರಲ್ಲಿ ಅದು ಬಾ ಲಾಂಗ್ ಕಡವಿಗೇ ಬಂದು ಹೋಗುತ್ತಿತ್ತು.

ಹಡಗಿರಲಿಲ್ಲ.

ಆ ವರ್ಷ ಹನ್ನೆರಡನೇ ತಿಂಗಳಲ್ಲಿ, ಹೊಸವರ್ಷದ ಸಂತೆಯ ದಿನ, ನನ್ನ ದೋಣಿ ನಡುನೀರಿನಲ್ಲಿ ಮಗುಚಿತು. ಹದಿಮೂರು ಜನ ಹತ್ತಿಸಿದ್ದೆ. ಎಂಟು ಜನಕ್ಕೆ ಮಾಡಿದ ದೋಣಿ. "ಈ ತ್ರಾಮ್ ಇರೋವಾಗ ಏನ್ ಹೆದರಿಕೆ, ಹತ್ರೀ" ಎಂದಿದ್ದೆ. ಯಾರೂ ಸಾಯಲಿಲ್ಲ. ಒಬ್ಬಳು ಮುದುಕಿಯನ್ನು ಕೂದಲು ಹಿಡಿದು ಮೇಲೆತ್ತಿದರು. ಎತ್ತಿದವನು ನಾನಲ್ಲ. ನಾನು ಮಗುಚಿದ ದೋಣಿಯನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದ್ದೆ.

ಅದಾದ ಮೇಲೆ ಕಡವಿನ ಮೊದಲ ಮೆಟ್ಟಿಲಿಂದಲೇ ಹಿಂದಕ್ಕೆ ಬಂದುಬಿಡುತ್ತಿದ್ದೆ. ಊರು ಬಿಟ್ಟು ಬೆಟ್ಟದ ಕಡೆ ಹೋದೆ. ಎರಡು ವರ್ಷ ಕಾಫಿ ಬಿಡಿಸಿದೆ. ನೀರು ಕಾಣದ ಜಾಗ ಹುಡುಕಿಕೊಂಡು ಹೋದವನು ನಾನು, ಅದೂ ಈ ಊರಲ್ಲಿ ಹುಟ್ಟಿ. ವಾಪಸು ಬಂದಾಗ ನೀನು ಆರು ವರ್ಷದವಳು, "ಎಲ್ಲಿಗೆ ಹೋಗಿದ್ರಿ ಚಿಕ್ಕಪ್ಪಾ?" ಎಂದೆ. ಏನು ಹೇಳಲಿ? ಹಡಗು ಎಂದೆ. ನಿನ್ನ ಕಣ್ಣು ಅಷ್ಟಗಲ ಆಯಿತು. ಆಮೇಲೆ ಅದನ್ನು ಇಳಿಸಲಾಗಲಿಲ್ಲ.

ಪುಸ್ತಕದಲ್ಲಿ ಎರಡು ವರ್ಷ ಖಾಲಿ ಬಿಟ್ಟರೆ ನನ್ನ ಹೆದರಿಕೆ ಅಲ್ಲಿ ಬರೆದಿಟ್ಟಂತೆ ಕಾಣುತ್ತಿತ್ತು. ಅದಕ್ಕೇ ತುಂಬಿದೆ. ಆ ಇಪ್ಪತ್ತು ನಮೂದು ಸುಳ್ಳು. ಉಳಿದದ್ದು ಒಂದೊಂದೂ ನಿಜ. ಈ ಕಾಗದವನ್ನೇ ನಿನ್ನ ಪ್ರೊಫೆಸರಿಗೆ ತೋರಿಸು. ಇನ್ನೊಂದು ಪ್ರತಿ ಬರೆಯುವ ಶಕ್ತಿ ನನಗಿಲ್ಲ.

ನಿನ್ನ ಚಿಕ್ಕಪ್ಪ


ಕಾಂತೋ
ಡಿಸೆಂಬರ್ 9

ಚಿಕ್ಕಪ್ಪ,

ತೋರಿಸಿದೆ. ಪ್ರೊಫೆಸರ್ ಎರಡು ಸಲ ಓದಿದರು, ನಗಲಿಲ್ಲ. ಆಮೇಲೆ ಹೇಳಿದ್ದು ಕೇಳಿ ನನಗೆ ಅವರ ಮೇಜು ಮಗುಚಬೇಕೆನ್ನಿಸಿತು: "ಎರಡು ವರ್ಷ ಇಲ್ಲ ಅಂದ ಮೇಲೆ ಇದು ಅಪೂರ್ಣ ದಾಖಲೆ ಆಯ್ತಲ್ಲಮ್ಮ." ಸುಳ್ಳು ಹೇಳಿದಾಗ ಪೂರ್ಣ, ನಿಜ ಹೇಳಿದಾಗ ಅಪೂರ್ಣ.

"ನಿಮ್ಮ ಇಪ್ಪತ್ತು ಜನರಲ್ಲಿ ಒಬ್ಬರಾದರೂ ಆ ನೀರು ಬಾಯಿಗೆ ಹಾಕಿಕೊಂಡಿದ್ದಾರಾ ಸಾರ್?" ಎಂದು ಕೇಳಿದೆ. ಕೊನೆಗೆ ಇಷ್ಟು ಸಿಕ್ಕಿತು: ಈ ಬೇಸಗೆ ಒಂದನ್ನು ನೋಡುತ್ತಾರೆ. ಕಡವಿನಲ್ಲಿ ಉಪ್ಪಳೆಯುವ ಯಂತ್ರ ಇಡುತ್ತಾರೆ. ನೀರು ಉಕ್ಕುವ ದಿನಗಳಲ್ಲಿ ಮೂರು ಸಲ ಕೆಂಪು ಗೆರೆ ದಾಟಿದರೆ ಪಂಪ್‌ಹೌಸ್ ಮೇಲಕ್ಕೆ ಹೋಗುತ್ತದೆ. ದಾಟದಿದ್ದರೆ ಅಲ್ಲೇ. ಅಲ್ಲಿಯವರೆಗೆ ವರದಿ ತಡೆಹಿಡಿದಿದ್ದಾರೆ. ಅದರ ಮುಳ್ಳು ಓದಿ ಬರೆಯುವ ಕೆಲಸ ನಿಮ್ಮದೇ, ನನ್ನ ಜವಾಬ್ದಾರಿಯ ಮೇಲೆ.

ಹಡಗಿನ ವಿಷಯ. ನನ್ನ ಶಾಲೆಯ ಪುಸ್ತಕಗಳ ತುಂಬ ಹಡಗು ಬರೆದಿದ್ದೆ. ಬೇಸರವಿಲ್ಲ ಚಿಕ್ಕಪ್ಪ.

ದಿಯೆಪ್


ಬಾ ಲಾಂಗ್ ಕಡವು
ಮೂರನೇ ತಿಂಗಳು, ಹದಿನೇಳು

ಮಗಳೇ,

ಇಂದಿಗೆ ಯಂತ್ರದ ಗಡುವು ಮುಗಿಯಿತು. ಎರಡು ಸಲ ದಾಟಿದೆ. ಮೂರನೆಯದು ಆಗಲಿಲ್ಲ.

ಈ ವರ್ಷ ಮೇಲಿನ ದೇಶಗಳಲ್ಲಿ ಅಕಾಲದ ಮಳೆ ಬಿದ್ದು ನದಿ ದಪ್ಪಗೇ ಇತ್ತು, ನಿನಗೆ ಗೊತ್ತು. ನಾಲ್ಕು ವರ್ಷದೊಳಗೆ ಎಂದಿದ್ದೆ, ಈ ವರ್ಷವೇ ಎಂದಿರಲಿಲ್ಲ. ಯಾರಿಗೆ ಹೇಳಲಿ? ಮೂವತ್ತು ವರ್ಷ ಎಂದವರನ್ನು ಮೂವತ್ತು ವರ್ಷ ಯಾರೂ ಕೇಳುವುದಿಲ್ಲ. ನಾಲ್ಕು ಎಂದವನು ಒಂದನೇ ವರ್ಷವೇ ಲೆಕ್ಕ ಒಪ್ಪಿಸಬೇಕು.

ಇನ್ನೊಂದು ವಿಷಯ ಈ ನಾಲ್ಕು ತಿಂಗಳಲ್ಲಿ ತಿಳಿಯಿತು. ಬೆಳಗ್ಗೆ ಎದ್ದು ಉಪ್ಪು ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹಿಂದೆಯೇ ಅಕ್ಕನ ತೋಟದ ದುರಿಯನ್ ಹಣ್ಣಿನ ಮರಗಳು ಕಾಣುತ್ತಿದ್ದವು. ನನ್ನ ಮಾತು ಗೆದ್ದರೆ ಬೇರಿಗೆ ಉಪ್ಪು ತಗುಲಿ ಅವು ಸಾಯುತ್ತವೆ. ಅವಳೂ ಒಂದು ದಿನ ಕೇಳಿದಳು, "ನೀನು ಯಾರ ಕಡೆ? ಮರದ ಕಡೇನೋ, ಯಂತ್ರದ ಕಡೇನೋ?" ಬಾಯಿಗೆ ಬಂದದ್ದು ಹೇಳುವ ನಾನು ಹುಟ್ಟು ಎತ್ತಿಕೊಂಡು ದೋಣಿಗೆ ಇಳಿದೆ.

ಇವತ್ತಿನದು ಹೇಳುತ್ತೇನೆ. ಮುಳ್ಳು ಕೆಂಪು ಗೆರೆಗೆ ಒಂದು ಕೂದಲು ಕೆಳಗೆ ನಿಂತಿತ್ತು. ದೋಣಿಯಲ್ಲಿ ಉಪ್ಪುಮೀನು ಮಾಡುವವರ ಒಂದು ಚೀಲ ಉಪ್ಪಿತ್ತು, ಆಚೆ ದಡಕ್ಕೆ ಮುಟ್ಟಿಸಬೇಕಾದದ್ದು. ಒಂದು ಹಿಡಿ ಸಾಕಾಗಿತ್ತು. ಕಡವಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಚೀಲದ ಬಾಯಿ ಬಿಚ್ಚಿದೆ ಕೂಡ. ಮೂರು ಊರು ಕುಡಿಯುವ ನೀರು, ಒಂದು ಹಿಡಿ ಉಪ್ಪು. ನನ್ನಂಥವನಿಗೆ ಇದೊಂದು ಕೆಲಸವೇ?

ಆದರೆ ಇನ್ನೂರ ಮೂವತ್ತೆಂಟು ನಿಜ ನಮೂದುಗಳು ಇಪ್ಪತ್ತು ಸುಳ್ಳಿನಿಂದ ಎಷ್ಟು ಅಗ್ಗವಾದವು ನೋಡಿದ್ದೇನೆ. ಇವತ್ತಿನದು ನಿನ್ನ ಹೆಸರಿನಲ್ಲಿತ್ತು.

ಚೀಲ ಕಟ್ಟಿ, ಇದ್ದದ್ದನ್ನೇ ಬರೆದೆ. ಬರೆದ ಕೈಯನ್ನು ಕಚ್ಚಿಕೊಳ್ಳುವಷ್ಟು ಸಿಟ್ಟು ಬಂದಿದೆ.

ನಿನ್ನ ಚಿಕ್ಕಪ್ಪ


ಬಾ ಲಾಂಗ್ ಕಡವು
ನಾಲ್ಕನೇ ತಿಂಗಳು, ಇಪ್ಪತ್ತಾರು

ಮಗಳೇ ದಿಯೆಪ್,

ನಿನ್ನ ವರದಿ ಸಿಕ್ಕಿತು. ಅರವತ್ತೊಂದನೇ ಪುಟದ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ, ನನ್ನ ನಾಲ್ಕು ವರ್ಷ ಇದೆ. ಪಕ್ಕದಲ್ಲಿ ನಿನ್ನ ಸಹಿ. ಅದರಿಂದ ನಿನಗೆ ಕಚೇರಿಯಲ್ಲಿ ಏನಾಯಿತೆಂದು ನೀನು ಬರೆದಿಲ್ಲ. ನಾನೂ ಕೇಳುವುದಿಲ್ಲ.

ನಿನ್ನೆ ಪಂಪ್‌ಹೌಸಿಗೆ ಅಡಿಗಲ್ಲು ಇಟ್ಟರು. ಇಲ್ಲೇ, ನಮ್ಮ ಕಡವಿನಲ್ಲೇ. ಶಾಮಿಯಾನ, ಕೆಂಪು ಬಟ್ಟೆ, ಕತ್ತರಿ. ಪ್ರೊಫೆಸರ್ ಖಾಂಗ್ ಬಂದಿದ್ದರು. ಒಳ್ಳೆಯ ಮನುಷ್ಯ, ಕೊಡೆ ಹಿಡಿಯಲು ಮಾತ್ರ ಬರುವುದಿಲ್ಲ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, "ಸ್ಥಳೀಯ ತಜ್ಞರಾದ ತ್ರಾಮ್ ಅವರು ಎರಡು ಮಾತು ಆಡಬೇಕು" ಎಂದು ಮೈಕು ಕೈಗೆ ಕೊಟ್ಟುಬಿಟ್ಟರು.

ಇಡೀ ಊರು ಕೂತಿತ್ತು. ಹಿಂದಿನಿಂದ ಯಾರೋ, "ಶುರುವಾಯ್ತು ನೋಡ್ರೋ, ಸಂಜೆ ಊಟಕ್ಕೂ ಇಲ್ಲೇ ಹೇಳಿಬಿಡಿ," ಎಂದ. ಇಂಥ ಮೈಕಿಗಾಗಿ ನಾನು ಐವತ್ತು ವರ್ಷ ಕಾದಿದ್ದೆ ಮಗಳೇ.

ನಾನು ಹೇಳಿದ್ದು ಇಷ್ಟು: "ಈ ಬೇಸಗೇಲಿ ನೀರು ಎರಡು ಸಲ ಕೆಟ್ಟಿದೆ. ಮುಂದೆ ಯಾವಾಗ ಪೂರ್ತಿ ಕೆಡ್ತದೋ ನಂಗೆ ಖಚಿತ ಗೊತ್ತಿಲ್ಲ. ಗೊತ್ತಿರೋರು ಯಾರೂ ಇಲ್ಲ. ಮಳೆ ಶುರುವಾಗಿದೆ, ಸೂರಿನ ಕೆಳಗೆ ಒಂದೊಂದು ದೊಡ್ಡ ಗುಡಾಣ ಇಟ್ಕೊಳ್ಳಿ." ಮೈಕು ವಾಪಸು ಕೊಟ್ಟೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಗಲೂ ಇಲ್ಲ. ನನಗೆ ಗೊತ್ತಿಲ್ಲ ಎಂದು ನಾನು ಹೇಳಿದ್ದನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಭೆ ಮುಗಿದ ಮೇಲೆ ಅಕ್ಕ ಮನೆಯ ಹತ್ತಿರ, "ನಿಂಗೆ ಮೈಯಲ್ಲಿ ಹುಷಾರಿಲ್ವೇನೋ?" ಎಂದು ಹಣೆ ಮುಟ್ಟಿ ನೋಡಿದಳು.

ಇವತ್ತು ಬೆಳಗ್ಗೆಯಿಂದ ನನ್ನ ದೋಣಿಗೆ ಒಂದೇ ಕೆಲಸ. ಕುಂಬಾರರ ದಡದಿಂದ ಗುಡಾಣ ಸಾಗಿಸುವುದು. ಒಂದು ಸಲಕ್ಕೆ ಮೂರೇ ಹಿಡಿಯುತ್ತವೆ, ನಾಲ್ಕನೆಯದನ್ನು ನಾನು ಹತ್ತಿಸುವುದಿಲ್ಲ. ಹನ್ನೊಂದು ಮನೆ ಆಯಿತು. ಇನ್ನೂ ಆರು ಜನ ದಡದಲ್ಲಿ ನಿಂತು ಕೂಗುತ್ತಿದ್ದಾರೆ. ಬಂದೆ ಎಂದು ಕೂಗಿ ಹೇಳಿ, ಇಲ್ಲಿಗೆ ನಿಲ್ಲಿಸುತ್ತೇನೆ.

ಇತಿ ನಿನ್ನ ಏಳನೇ ಚಿಕ್ಕಪ್ಪ,
ತ್ರಾಮ್, ದೋಣಿಯವನು